ಮಂಡಿ ನೋವಿಗೆ ಕೈರೋಪ್ರ್ಯಾಕ್ಟಿಕ್: ಹೋಗುವ ಮುಂಚೆ, ಹೋದಾಗ, ಹೋಗಿ ಬಂದ ಮೇಲೆ

ಮಂಡಿ ನೋವು ಅಂದ ಕೂಡಲೇ ಸಲಹೆ ಕೊಡುವವರಿಗೆ ಬರವಿಲ್ಲ. ಒಬ್ಬರು ಎಣ್ಣೆ ಹಚ್ಚಿ ಅನ್ನುತ್ತಾರೆ. ಇನ್ನೊಬ್ಬರು ಪುತ್ತೂರು ಕಟ್ಟು ಹಾಕಿಸಿ ಅನ್ನುತ್ತಾರೆ. ಪಕ್ಕದ ಮನೆಯವರು ಆಪರೇಷನ್ ಮಾಡಿಸಿಕೊಂಡವರ ಕಥೆ ಹೇಳಿ ಹೆದರಿಸುತ್ತಾರೆ. ಈಚೆಗೆ ಈ ಸಾಲಿಗೆ ಕೈರೋಪ್ರ್ಯಾಕ್ಟಿಕ್, ಅಂದರೆ ಬೆನ್ನುಮೂಳೆ ಮತ್ತು ಕೀಲುಗಳನ್ನು ಕೈಯಿಂದ ಒತ್ತಿ, ಎಳೆದು ಮಾಡುವ ಚಿಕಿತ್ಸೆ ಕೂಡ ಸೇರಿದೆ. ಫೋನಿನಲ್ಲಿ ವಿಡಿಯೋ ನೋಡಿ, "ಕಾಲು ಎಳೆದು ಕಟ್ ಅನ್ನಿಸಿದ ತಕ್ಷಣ ನೋವು ಹೋಯ್ತಂತೆ" ಎಂದು ಮನೆಯಲ್ಲಿ ಮಾತು ಶುರುವಾಗುತ್ತದೆ. ಹೋಗೋಣವೇ ಬೇಡವೇ ಎಂದು ಯೋಚಿಸುತ್ತಿರುವವರಿಗಾಗಿ ಈ ಲೇಖನ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೈಯಿಂದ ಮಾಡುವ ಚಿಕಿತ್ಸೆಯಿಂದ ಕೆಲವರಿಗೆ ಮಂಡಿಯ ಬಿಗಿತ ಸಡಿಲವಾಗುತ್ತದೆ. ನೋವು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ತಗ್ಗುತ್ತದೆ. ಆ ಬಿಡುವಿನಲ್ಲಿ ತೊಡೆಗೆ ಬಲ ತುಂಬಿಕೊಂಡರೆ ಕೊಟ್ಟ ದುಡ್ಡು ದಕ್ಕಿತು. ಸುಮ್ನೆ ಮೇಜಿನ ಮೇಲೆ ಮಲಗಿ ಮಾಡಿಸಿಕೊಂಡು ಬಂದರೆ ಮುಂದಿನ ವಾರ ಮತ್ತೆ ಅದೇ ನೋವು, ಮತ್ತೆ ಅದೇ ಮೇಜು.

ಈ ಪದ್ಧತಿ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ, 1895ರಲ್ಲಿ. ಶುರು ಮಾಡಿದವರು ಡಿ. ಡಿ. ಪಾಮರ್. ಅವರ ಮೊದಲ ರೋಗಿ ಹಾರ್ವೆ ಲಿಲ್ಲಾರ್ಡ್ ಬಂದಿದ್ದು ಮಂಡಿ ನೋವಿಗಾಗಿ ಏನಲ್ಲ, ಕಿವಿ ಕೇಳಿಸುವುದಿಲ್ಲ ಎಂದು! ಬೆನ್ನುಮೂಳೆ ಸರಿಯಿದ್ದರೆ ದೇಹವೆಲ್ಲ ಸರಿ ಎಂಬ ನಂಬಿಕೆಯಿಂದ ಹೊರಟ ಪದ್ಧತಿ ಇದು. ಇವತ್ತು ಒಳ್ಳೆಯ ಕೈರೋಪ್ರ್ಯಾಕ್ಟರ್‌ಗಳು ಆ ಹಳೆಯ ಮಾತನ್ನು ಬದಿಗಿಟ್ಟು, ಕೀಲು ಮತ್ತು ಸ್ನಾಯುಗಳ ಕೆಲಸವನ್ನಷ್ಟೇ ಮಾಡುತ್ತಾರೆ. ಹಳೆಯ ಮಾತನ್ನೇ ಹಿಡಿದುಕೊಂಡವರೂ ಇದ್ದಾರೆ. ಮಂಡಿ ನೋವಿನವರಿಗೆ ಬೇಕಾದವರು ಮೊದಲ ಗುಂಪಿನವರು. ಅವರನ್ನು ಗುರುತಿಸುವುದು ಹೇಗೆ ಎಂಬುದು ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಇದು ಯಾರೂ ಒತ್ತಬಾರದ ಮಂಡಿಯೇ?

ಕೈರೋಪ್ರ್ಯಾಕ್ಟರ್ ಆಗಲಿ, ಊರಿನಲ್ಲಿ ಉಳುಕು ತೆಗೆಯುವವರಾಗಲಿ, ಮಸಾಜ್ ಮಾಡುವವರಾಗಲಿ, ಕೆಲವು ಮಂಡಿಗಳನ್ನು ಯಾರೂ ಎಳೆಯಬಾರದು, ತಿರುವಬಾರದು. ಈ ಕೆಳಗಿನದರಲ್ಲಿ ಒಂದಿದ್ದರೂ ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ.

ಮಂಡಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡಿದೆ, ಜೊತೆಗೆ ಜ್ವರವೂ ಇದೆ. ಕೀಲಿನೊಳಗೆ ಸೋಂಕು ಆಗಿರಬಹುದು. ಇದಕ್ಕೆ ನಾಳೆ ನೋಡೋಣ ಅನ್ನುವಂತಿಲ್ಲ, ಅವತ್ತೇ ಹೋಗಬೇಕು.

ಬಿದ್ದಿದ್ದೀರಿ ಅಥವಾ ಪೆಟ್ಟಾಗಿದೆ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲ. ಅಥವಾ ಮಂಡಿಯನ್ನು 90 ಡಿಗ್ರಿ ಮಡಚಲು ಆಗುತ್ತಿಲ್ಲ. ಅಥವಾ ಮಂಡಿಚಿಪ್ಪನ್ನು ಮುಟ್ಟಿದರೇ ಜೀವ ಹೋಗುವಷ್ಟು ನೋವು. ಮೂಳೆ ಮುರಿದಿದೆಯೇ ಎಂದು ತಿಳಿಯಲು ಎಕ್ಸ್‌ರೇ ಬೇಕು. ವಯಸ್ಸು 55 ದಾಟಿದ್ದರೆ, ಪೆಟ್ಟಾದ ಮಂಡಿಗೆ ಎಕ್ಸ್‌ರೇ ತೆಗೆಸಿಯೇ ಮುಂದಿನ ಮಾತು.

ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡಿದೆ, ನೆಟ್ಟಗೆ ಮಾಡಲು ಆಗುತ್ತಿಲ್ಲ. ಒಳಗಿನ ಗಾದಿ, ಅಂದರೆ ಮೆನಿಸ್ಕಸ್, ಹರಿದು ನಡುವೆ ಸಿಕ್ಕಿರಬಹುದು. ಇದನ್ನು ಜಗ್ಗಿ ಬಿಡಿಸಲು ಹೋದರೆ ಇನ್ನೂ ಹರಿಯುತ್ತದೆ.

ಒಂದೇ ಕಾಲಿನ ಮೀನಖಂಡ ಊದಿ, ಬಿಗಿದು, ನೋಯುತ್ತಿದೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಉದ್ದ ಪ್ರಯಾಣ ಮಾಡಿ ಬಂದವರು, ಆಪರೇಷನ್ ಆದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂಥ ಕಾಲನ್ನು ತಿಕ್ಕುವುದು ಅಪಾಯ.

ರಾತ್ರಿ ಮಲಗಿದಾಗಲೂ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು ಕೂಡ ಮೊದಲು ಡಾಕ್ಟರಿಗೆ ಹೇಳಬೇಕಾದ ವಿಷಯಗಳು.

ಮಕ್ಕಳ ವಿಚಾರ ಬೇರೆಯೇ. ಮಗು ಮಂಡಿ ನೋವು ಅಂತ ಕುಂಟುತ್ತಿದ್ದರೆ ತೊಂದರೆ ಎಷ್ಟೋ ಸಲ ಸೊಂಟದ ಕೀಲಿನಲ್ಲಿ ಇರುತ್ತದೆ. ಮಂಡಿ ನೋಡಿದರೆ ಏನೂ ಕಾಣುವುದಿಲ್ಲ. ಇದನ್ನು ಮಕ್ಕಳ ಅಥವಾ ಮೂಳೆ ಡಾಕ್ಟರೇ ನೋಡಬೇಕು, ಬೇರೆ ಯಾರ ಕೈಗೂ ಕೊಡಬೇಡಿ.

ಇನ್ನೊಂದು ನಮ್ಮ ಕಡೆಯ ಸಂಗತಿ. ಚಿಕೂನ್‌ಗುನ್ಯಾ ಬಂದು ಹೋದವರಿಗೆ ಕೀಲು ನೋವು ತಿಂಗಳುಗಟ್ಟಲೆ ಉಳಿಯುತ್ತದೆ. 2006ರಲ್ಲಿ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಹಬ್ಬಿದ ಆ ಜ್ವರವನ್ನು ಕಂಡವರಿಗೆ ಇದು ಗೊತ್ತು. ಜ್ವರದ ನಂತರ ಮಂಡಿ, ಹಿಮ್ಮಡಿ, ಕೈಬೆರಳು ಎಲ್ಲ ಒಟ್ಟಿಗೆ ಹಿಡಿದುಕೊಂಡಿದ್ದರೆ ಅದು ಮೂಳೆ ಜರುಗಿದ್ದರಿಂದ ಬಂದದ್ದಲ್ಲ. ಯಾವ ಕಟ್ ಶಬ್ದವೂ ಅದನ್ನು ಬಿಡಿಸುವುದಿಲ್ಲ. ಹಾಗೆಯೇ ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಕೀಲುಗಳು ಮರಗಟ್ಟಿದಂತೆ ಇದ್ದರೆ, ಬೆರಳ ಗೆಣ್ಣುಗಳೂ ಊದಿದ್ದರೆ, ರುಮಟಾಯ್ಡ್‌ನಂಥ ಸಂಧಿವಾತವೇ ಎಂದು ರಕ್ತಪರೀಕ್ಷೆ ಮಾಡಿಸಬೇಕು. ಅದಕ್ಕೆ ಬೇರೆಯೇ ಔಷಧಿಗಳಿವೆ. ತಡವಾದಷ್ಟೂ ಕೀಲು ಹಾಳಾಗುತ್ತದೆ.

ಎರಡನೇ ಹೆಜ್ಜೆ: ನೋವು ಎಲ್ಲಿದೆ ಎಂದು ಬೆರಳಿಟ್ಟು ನೋಡಿ

ಡಾಕ್ಟರ ಹತ್ತಿರ ಹೋಗಿ "ಮಂಡಿ ನೋವು" ಅಂದರೆ ಅರ್ಧ ಮಾತು ಹೇಳಿದಂತೆ. ಮನೆಯಲ್ಲೇ ಕುಳಿತು ಸ್ವಲ್ಪ ಗಮನಿಸಿ.

ಮೆಟ್ಟಿಲು ಇಳಿಯುವಾಗ, ಬಸ್ಸಿನಲ್ಲಿ ತುಂಬಾ ಹೊತ್ತು ಕುಳಿತು ಏಳುವಾಗ, ಮಂಡಿಯ ಮುಂದೆ, ಚಿಪ್ಪಿನ ಸುತ್ತ ನೋವೇ? ಹದಿಹರೆಯದವರಿಗೂ, ಹೊಸದಾಗಿ ಓಡಲು ಶುರು ಮಾಡಿದವರಿಗೂ ಬರುವ ಚಿಪ್ಪಿನ ನೋವು ಇದು. ತೊಡೆಯ ಮತ್ತು ಸೊಂಟದ ಪಕ್ಕದ ಸ್ನಾಯುಗಳನ್ನು ಗಟ್ಟಿ ಮಾಡಿದರೆ ಸಾಮಾನ್ಯವಾಗಿ ತಗ್ಗುತ್ತದೆ.

ವಯಸ್ಸು 45 ದಾಟಿದೆ, ಓಡಾಡಿದರೆ ನೋವು, ಕುಳಿತರೆ ಆರಾಮ, ಬೆಳಗಿನ ಬಿಗಿತ ಇಲ್ಲ ಅಥವಾ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇದು ಕೀಲಿನ ಸವೆತದ ಲಕ್ಷಣ. ಬ್ರಿಟನ್ನಿನಲ್ಲಿ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುವಂತೆ, ಇಷ್ಟು ಲಕ್ಷಣ ಇದ್ದರೆ ಸವೆತ ಎಂದು ಗುರುತಿಸಲು ಎಕ್ಸ್‌ರೇ ಕೂಡ ಬೇಕಿಲ್ಲ. ನಮ್ಮಲ್ಲಿ ನೇರ ಎಮ್‌ಆರ್‌ಐಗೆ ಓಡುವವರಿದ್ದಾರೆ. ರಿಪೋರ್ಟಿನಲ್ಲಿ "ಟೇರ್" (ಹರಿದಿದೆ) ಎಂಬ ಪದ ಕಂಡು ನಿದ್ದೆಗೆಡುತ್ತಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50ರಿಂದ 90 ವಯಸ್ಸಿನ 991 ಜನರ ಮಂಡಿಯನ್ನು ಎಮ್‌ಆರ್‌ಐ ಮಾಡಿ 2008ರಲ್ಲಿ ಒಂದು ವರದಿ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ. ವಯಸ್ಸಾದಂತೆ ಕೂದಲು ನೆರೆಯುವ ಹಾಗೆ ಇದೂ ಒಂದು ಅನ್ನಿ. ರಿಪೋರ್ಟ್ ತೋರಿಸಿ "ನೋಡಿ, ಎಷ್ಟು ಹಾಳಾಗಿದೆ" ಎಂದು ಯಾರಾದರೂ ಹೆದರಿಸಿದರೆ ಈ ಅಂಕಿ ನೆನಪಿರಲಿ.

ಕಾಲು ತಿರುಚಿಕೊಂಡ ಮೇಲೆ ಮಂಡಿ ಆಗಾಗ "ಕೈಕೊಡುತ್ತದೆ" ಎಂದಾದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಹೋಗಿರಬಹುದು. ಮೊದಲು ಆರ್ಥೋ ಡಾಕ್ಟರನ್ನು ನೋಡಿ.

ಮಂಡಿಯಲ್ಲಿ ನೋವು ಇದ್ದರೂ ತೊಂದರೆ ಬೇರೆ ಕಡೆ ಇರುವುದೂ ಉಂಟು. ಸೊಂಟದ ಕೀಲು ಸವೆದವರು ಎಷ್ಟೋ ಜನ ಮಂಡಿಯನ್ನೇ ತೋರಿಸುತ್ತಾರೆ. ಕಾಲ ಮೇಲೆ ಕಾಲು ಹಾಕಿ ಉಗುರು ಕತ್ತರಿಸಲು, ಸಾಕ್ಸ್ ಹಾಕಲು ಕಷ್ಟವೇ? ತೊಡೆಸಂದಿಯಲ್ಲೂ ನೋವು ಇದೆಯೇ? ಹಾಗಿದ್ದರೆ ಸೊಂಟದ ಕೀಲನ್ನು ಪರೀಕ್ಷೆ ಮಾಡಿಸಿ. ನಡುನೋವು ಇದ್ದು, ಅದು ತೊಡೆಯ ಮುಂಭಾಗದಲ್ಲಿ ಮಂಡಿಯವರೆಗೆ ಎಳೆದರೆ ಬೆನ್ನಿನ ನರದ ಕಡೆಯಿಂದ ಬಂದಿರಬಹುದು. ಇಂಥ ಕಡೆ ಒಳ್ಳೆಯ ಕೈರೋಪ್ರ್ಯಾಕ್ಟರ್ ಅಥವಾ ಫಿಸಿಯೋ ನಿಜಕ್ಕೂ ಉಪಯೋಗಕ್ಕೆ ಬರುತ್ತಾರೆ. ಯಾಕೆಂದರೆ ಅವರು ಮಂಡಿಯೊಂದನ್ನೇ ನೋಡದೆ ಬೆನ್ನಿನಿಂದ ಪಾದದವರೆಗೂ ನೋಡುತ್ತಾರೆ, ನೋಡಬೇಕು.

ಮೂರನೇ ಹೆಜ್ಜೆ: ಯಾರ ಹತ್ತಿರ ಹೋಗುವುದು?

ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ಭಾರತದಲ್ಲಿ ಎಮ್‌ಬಿಬಿಎಸ್ ಡಾಕ್ಟರಿಗೆ ನೋಂದಣಿ ಇದೆ, ಆಯುರ್ವೇದದವರಿಗೆ ಇದೆ. ಫಿಸಿಯೋಥೆರಪಿ 2021ರ ಸಹವೈದ್ಯಕೀಯ ವೃತ್ತಿಗಳ ಕಾಯ್ದೆಯಡಿ ಬರುತ್ತದೆ. ಕೈರೋಪ್ರ್ಯಾಕ್ಟಿಕ್‌ಗೆ ಹಾಗೆ ತನ್ನದೇ ಆದ ಸರ್ಕಾರಿ ಪರಿಷತ್ತು ಇಲ್ಲ. ಹಾಗಾಗಿ ಬೋರ್ಡಿನ ಮೇಲೆ "ಕೈರೋಪ್ರ್ಯಾಕ್ಟರ್" ಎಂದು ಬರೆದಿರುವವರಲ್ಲಿ ವರ್ಷಗಟ್ಟಲೆ ಓದಿದವರೂ ಇರಬಹುದು, ವಾರಾಂತ್ಯದ ಕೋರ್ಸ್ ಮಾಡಿದವರೂ ಇರಬಹುದು. ಹೊರಗಿನಿಂದ ಗೊತ್ತಾಗುವುದಿಲ್ಲ. ಕೇಳಲೇಬೇಕು.

"ಸಾರ್, ನೀವು ಎಲ್ಲಿ ಓದಿದ್ದು? ಎಷ್ಟು ವರ್ಷದ ಕೋರ್ಸು?" ಎಂದು ನೇರವಾಗಿ ಕೇಳಿ. ಇದರಲ್ಲಿ ಸಂಕೋಚ ಏನೂ ಬೇಡ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ಕಡೆ ಪೂರ್ಣಾವಧಿ ಓದಿ ಪದವಿ ಪಡೆದವರು ಅದನ್ನು ಖುಷಿಯಿಂದ ಹೇಳುತ್ತಾರೆ. ಫಿಸಿಯೋಥೆರಪಿಯಲ್ಲಿ ಬಿಪಿಟಿ ಪದವಿ ಅಥವಾ ಎಮ್‌ಪಿಟಿ ಸ್ನಾತಕೋತ್ತರ ಪದವಿ ಮಾಡಿ, ಆಮೇಲೆ ಕೈಚಿಕಿತ್ಸೆ ಕಲಿತವರೂ ಇದ್ದಾರೆ. ನನ್ನ ಮಟ್ಟಿಗೆ, ನಮ್ಮೂರುಗಳಲ್ಲಿ ಮಂಡಿ ನೋವಿಗೆ ಇವರೇ ಹೆಚ್ಚು ಭರವಸೆಯ ಆಯ್ಕೆ. ಯಾಕೆಂದರೆ ವ್ಯಾಯಾಮ ಹೇಳಿಕೊಡುವುದು ಅವರ ಮುಖ್ಯ ಕೆಲಸ.

ಎರಡನೇ ಪ್ರಶ್ನೆ: "ವ್ಯಾಯಾಮ ಹೇಳಿಕೊಡುತ್ತೀರಾ?" ಇಲ್ಲ, ನಮ್ಮ ಅಡ್ಜಸ್ಟ್‌ಮೆಂಟ್ (ಕೈಯಿಂದ ಕೀಲು ಎಳೆದು ಒತ್ತುವುದು) ಒಂದೇ ಸಾಕು ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಸವೆತದ ಮಂಡಿಗೆ ಕೈಚಿಕಿತ್ಸೆ ಮಾಡುವುದಾದರೆ ವ್ಯಾಯಾಮದ ಜೊತೆಗೆ ಮಾತ್ರ ಎನ್ನುತ್ತದೆ ನೈಸ್ ಮಾರ್ಗಸೂಚಿ. ಅಮೆರಿಕದ ಸಂಧಿವಾತ ತಜ್ಞರ ಸಂಘಟನೆ 2019ರಲ್ಲಿ ಇನ್ನೂ ಬಿಗಿಯಾಗಿ ಮಾತಾಡಿದೆ. ವ್ಯಾಯಾಮವನ್ನು ಬಲವಾಗಿ ಶಿಫಾರಸು ಮಾಡಿ, ಅದರ ಮೇಲೆ ಕೈಚಿಕಿತ್ಸೆ ಸೇರಿಸುವುದರಿಂದ ಹೆಚ್ಚಿನ ಲಾಭ ಕಾಣದೆಂದು ಅದನ್ನು ಸಾಮಾನ್ಯವಾಗಿ ಬೇಡ ಅಂದಿದೆ. ಇದಕ್ಕೆ ಇನ್ನೊಂದು ಮುಖವೂ ಇದೆ. 2020ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಸವೆತದ ಮಂಡಿ ಇದ್ದ 156 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಕೈಚಿಕಿತ್ಸೆ ಮತ್ತು ವ್ಯಾಯಾಮ ಎರಡನ್ನೂ ಸೇರಿಸಿದ ಫಿಸಿಯೋಥೆರಪಿ ಪಡೆದವರು ಒಂದು ವರ್ಷದ ನಂತರ ಸ್ಟೆರಾಯ್ಡ್ ಇಂಜೆಕ್ಷನ್ ಪಡೆದವರಿಗಿಂತ ಚೆನ್ನಾಗಿದ್ದರು. ಎರಡೂ ಕಡೆ ಸಾಮಾನ್ಯವಾಗಿ ಕಾಣುವುದು ವ್ಯಾಯಾಮವೇ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ಹೆಜ್ಜೆ ಸುಲಭ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಲೈಸೆನ್ಸ್ ಮಂಡಳಿ ಇದೆ, ಹೆಸರು ಹಾಕಿ ನೋಡಬಹುದು. ಬ್ರಿಟನ್ನಿನಲ್ಲಿ ಜನರಲ್ ಕೈರೋಪ್ರ್ಯಾಕ್ಟಿಕ್ ಕೌನ್ಸಿಲ್‌ನ ಪಟ್ಟಿಯಲ್ಲಿ ಇಲ್ಲದವರು ಆ ಹೆಸರನ್ನೇ ಬಳಸುವಂತಿಲ್ಲ. ಆದರೆ ಅಮೆರಿಕದಲ್ಲಿ ಮೆಡಿಕೇರ್, ಅಂದರೆ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಇರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮುಂಚೆ ಒಂದು ವಿಷಯ ತಿಳಿದಿರಲಿ. ಕೈರೋಪ್ರ್ಯಾಕ್ಟರ್ ವಿಚಾರದಲ್ಲಿ ಮೆಡಿಕೇರ್ ಹಣ ಕೊಡುವುದು ಬೆನ್ನುಮೂಳೆಗೆ ಕೈಯಿಂದ ಮಾಡುವ ಚಿಕಿತ್ಸೆಗೆ ಮಾತ್ರ. ಮಂಡಿಯ ಬಿಲ್ಲು ನಿಮ್ಮ ಜೇಬಿನಿಂದಲೇ.

ನಾಲ್ಕನೇ ಹೆಜ್ಜೆ: ಮೊದಲ ಭೇಟಿ

ಸಡಿಲವಾದ ಪೈಜಾಮ ಅಥವಾ ಚಡ್ಡಿ ಹಾಕಿಕೊಂಡು ಹೋಗಿ. ತೊಡೆಯವರೆಗೆ ಮಡಚಲು ಬರಬೇಕು. ಹೆಂಗಸರು ಬೇಕೆಂದರೆ ಜೊತೆಗೆ ಮನೆಯವರನ್ನು ಒಳಗೆ ಕರೆದುಕೊಳ್ಳಬಹುದು, ಯಾರೂ ಬೇಡ ಅನ್ನುವಂತಿಲ್ಲ. ಹಳೆಯ ರಿಪೋರ್ಟು, ನುಂಗುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ.

ಅವರು ಕೇಳದಿದ್ದರೂ ನೀವೇ ಹೇಳಬೇಕಾದದ್ದು ಇಷ್ಟು: ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಟೊಳ್ಳಾಗಿರುವುದು, ವರ್ಷಗಟ್ಟಲೆ ಸ್ಟೆರಾಯ್ಡ್ ತೆಗೆದುಕೊಂಡದ್ದು, ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿರುವುದು, ಗರ್ಭಿಣಿ ಆಗಿರುವುದು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ ಆಗಿರುವುದು. ಇವುಗಳಲ್ಲಿ ಕೆಲವಕ್ಕೆ ಜೋರಾದ ಎಳೆತ ಬೇಡವೇ ಬೇಡ.

ಸರಿಯಾದವರಾದರೆ ಮೊದಲು ಕೇಳುತ್ತಾರೆ, ನಡೆಸಿ ನೋಡುತ್ತಾರೆ, ಕುಳಿತು ಏಳಿಸುತ್ತಾರೆ. ಎರಡೂ ಮಂಡಿ ಮಡಚಿ ಹೋಲಿಸುತ್ತಾರೆ. ಸೊಂಟದ ಕೀಲು ತಿರುವಿ ನೋಡುತ್ತಾರೆ. ಕೀಲಿನ ಅಂಚನ್ನು ಒತ್ತಿ ಎಲ್ಲಿ ನೋವು ಎಂದು ಹುಡುಕುತ್ತಾರೆ. ಬಂದ ಎರಡೇ ನಿಮಿಷಕ್ಕೆ ಮೇಜಿನ ಮೇಲೆ ಮಲಗಿಸಿ, ಎರಡೂ ಹಿಮ್ಮಡಿ ಹಿಡಿದು "ಒಂದು ಕಾಲು ಗಿಡ್ಡ ಇದೆ ನೋಡಿ" ಎಂದರೆ ಅನುಮಾನಪಡಿ. ಮಲಗಿದವರ ಹಿಮ್ಮಡಿ ಹಿಡಿದು ಕಣ್ಣಳತೆಯಲ್ಲಿ ಹೇಳುವ ಈ ಲೆಕ್ಕ ನಂಬುವಂಥದ್ದಲ್ಲ. ಮಲಗಿದ ಭಂಗಿ ಚೂರು ಬದಲಾದರೆ ಗಿಡ್ಡ ಕಾಲೂ ಬದಲಾಗುತ್ತದೆ!

ಚಿಕಿತ್ಸೆ ಅಂದರೆ ಏನೇನು ಮಾಡುತ್ತಾರೆ? ತೊಡೆಯ ಮುಂದೆ, ಪಕ್ಕ, ಹಿಂದೆ ಬಿಗಿದ ಸ್ನಾಯುಗಳನ್ನು ಒತ್ತಿ ಸಡಿಲಿಸುತ್ತಾರೆ. ಮಂಡಿಚಿಪ್ಪನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಮೆಲ್ಲಗೆ ಜಾರಿಸುತ್ತಾರೆ. ಕಾಲಿನ ಮೂಳೆಯನ್ನು ತೊಡೆಮೂಳೆಯಿಂದ ಸ್ವಲ್ಪ ಎಳೆದು ಹಿಂದೆ ಮುಂದೆ ಆಡಿಸುತ್ತಾರೆ. ಪಾದದ ಗಂಟು, ಸೊಂಟ, ಕೆಳಬೆನ್ನು ಬಿಗಿಯಾಗಿದ್ದರೆ ಅಲ್ಲಿಯೂ ಕೆಲಸ ಮಾಡುತ್ತಾರೆ. ಕೆಲವರು ಸ್ಪ್ರಿಂಗ್ ಇರುವ ಪುಟ್ಟ ಸಾಧನದಿಂದ ಟಕ್ ಟಕ್ ಎಂದು ತಟ್ಟುತ್ತಾರೆ. ಇದೆಲ್ಲ ಮಾಡುವಾಗ ಎಳೆದಂತೆ ಅನ್ನಿಸಬಹುದು. ಚುಚ್ಚುವ ನೋವು ಬಂದರೆ "ನಿಲ್ಲಿಸಿ" ಅನ್ನಿ. ಹಲ್ಲು ಕಚ್ಚಿ ತಡೆದುಕೊಳ್ಳುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಇನ್ನು ಆ ಪ್ರಸಿದ್ಧ ಶಬ್ದ. ಅದು ಬೆರಳಿನ ನೆಟಿಕೆ ಮುರಿದಾಗ ಬರುವ ಶಬ್ದವೇ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳು ಎಳೆಯುವಾಗಲೇ ಎಮ್‌ಆರ್‌ಐ ತೆಗೆದು ನೋಡಿದರು. ಕೀಲು ಬೇರ್ಪಡುವ ಗಳಿಗೆಯಲ್ಲಿ ಒಳಗಿನ ದ್ರವದಲ್ಲಿ ಒಂದು ಗಾಳಿಯ ಗುಳ್ಳೆ ಹುಟ್ಟುತ್ತದೆ, ಆಗಲೇ ಶಬ್ದ. ಜರುಗಿದ ಮೂಳೆ ಜಾಗಕ್ಕೆ ಬಂದ ಸದ್ದು ಎಂದು ಅದನ್ನು ತಿಳಿಯಬೇಡಿ. ಶಬ್ದ ಬರದಿದ್ದರೆ ಚಿಕಿತ್ಸೆ ಆಗಲಿಲ್ಲ ಎಂದೂ ಇಲ್ಲ, ಜೋರಾಗಿ ಬಂದರೆ ಜಾಸ್ತಿ ಗುಣ ಎಂದೂ ಇಲ್ಲ. ವಿಡಿಯೋದವರು ಮೈಕನ್ನು ಹತ್ತಿರ ಇಟ್ಟಿರುತ್ತಾರೆ, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಮಂಡಿ ನೋವಿಗೆ ಹೋದಾಗ ಕುತ್ತಿಗೆ ಮುಟ್ಟಿಸಿಕೊಳ್ಳಬೇಡಿ. ಕುತ್ತಿಗೆಯನ್ನು ಥಟ್ಟನೆ ತಿರುವಿದಾಗ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಅಪರೂಪ ಹೌದು. ಆದರೆ ಮಂಡಿಗೆ ಸಂಬಂಧವೇ ಇಲ್ಲದ ಕೆಲಸಕ್ಕೆ ಆ ಅಪರೂಪದ ಅಪಾಯವನ್ನಾದರೂ ಯಾಕೆ ತೆಗೆದುಕೊಳ್ಳಬೇಕು? ಕುತ್ತಿಗೆಗೆ ಪಟ್ಟಿ ಹಾಕಿ ಇಡೀ ಬೆನ್ನನ್ನು ಒಮ್ಮೆಲೇ ಜಗ್ಗುವುದಕ್ಕೂ ಇದೇ ಮಾತು. "ಕುತ್ತಿಗೆ ಬೇಡ, ಮಂಡಿ ಮಾತ್ರ ನೋಡಿ" ಎಂದು ಮಲಗುವ ಮುಂಚೆಯೇ ಹೇಳಿಬಿಡಿ.

ಬಂದ ಮೇಲೆ ಒಂದೆರಡು ದಿನ ಸ್ವಲ್ಪ ಮೈಕೈ ನೋವಿದ್ದರೆ ಮಾಮೂಲು. ಮಂಡಿ ಊದಿದರೆ, ಕಾಲಿಗೆ ಜೋಮು ಹಿಡಿದರೆ ಮಾಮೂಲಲ್ಲ. ಮತ್ತೆ ಮಾಡಿಸಿಕೊಳ್ಳದೆ ಡಾಕ್ಟರಿಗೆ ತೋರಿಸಿ.

ಐದನೇ ಹೆಜ್ಜೆ: ದುಡ್ಡಿನ ಮಾತು

"ಇಪ್ಪತ್ತನಾಲ್ಕು ಸಿಟ್ಟಿಂಗ್, ಈಗಲೇ ಕಟ್ಟಿದರೆ ಡಿಸ್ಕೌಂಟ್." ಇದಕ್ಕೆ ಒಪ್ಪಬೇಡಿ. ಪ್ರತಿ ಸಲ ಕೊಡುವ ಹಣ ಪ್ರತಿ ಸಲ ಕೊಡಿ, ರಸೀದಿ ತೆಗೆದುಕೊಳ್ಳಿ. ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳು ಹೊರರೋಗಿ ಚಿಕಿತ್ಸೆಗೆ ಹಣ ಕೊಡುವುದು ಕಡಿಮೆ, ಕೇಳಿ ಖಚಿತ ಮಾಡಿಕೊಳ್ಳಿ.

ನನ್ನ ಲೆಕ್ಕದಲ್ಲಿ ನಾಲ್ಕರಿಂದ ಆರು ಭೇಟಿಯೊಳಗೆ ಏನಾದರೂ ಬದಲಾವಣೆ ಕಾಣಬೇಕು. ಅದನ್ನು ಅಳೆಯಲು ಒಂದು ಸುಲಭದ ಪರೀಕ್ಷೆ ಇದೆ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ. ಕೈಗಳನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. ಜೊತೆಗೆ ಮೆಟ್ಟಿಲು ಇಳಿಯುವಾಗಿನ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ತಾರೀಕು ಹಾಕಿ ಬರೆದಿಡಿ. ಚಿಕಿತ್ಸೆ ಶುರುವಾಗುವ ಮುಂಚೆ ಒಮ್ಮೆ, ಆಮೇಲೆ ವಾರಕ್ಕೊಮ್ಮೆ. "ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತೆ" ಎಂಬ ಮಾತಿಗಿಂತ ಈ ಎರಡು ಅಂಕಿಗಳು ಹೆಚ್ಚು ಸತ್ಯ ಹೇಳುತ್ತವೆ.

ಆರನೇ ಹೆಜ್ಜೆ: ಮನೆಯ ವ್ಯಾಯಾಮ, ಅಂದರೆ ನಿಜವಾದ ಚಿಕಿತ್ಸೆ

ಚಿಕಿತ್ಸೆ ಮಾಡಿಸಿಕೊಂಡು ಬಂದ ದಿನ ಮಂಡಿ ಹಗುರ ಇರುತ್ತದಲ್ವಾ? ಬಹಳ ಜನ ಅವತ್ತು ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಅವತ್ತೇ ವ್ಯಾಯಾಮ ಮಾಡಬೇಕು. ನೋವು ಕಡಿಮೆ ಇರುವಾಗಲೇ ಸ್ನಾಯು ಚೆನ್ನಾಗಿ ಕೆಲಸ ಮಾಡುತ್ತದೆ.

ಮೊದಲನೆಯದು ಎಷ್ಟೇ ನೋವಿರುವವರೂ ಮಾಡಬಹುದಾದದ್ದು. ಮಂಚದ ಮೇಲೆ ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಟವೆಲ್ ಸುರುಳಿ ಇಡಿ. ತೊಡೆ ಬಿಗಿದು ಟವೆಲನ್ನು ಕೆಳಗೆ ಅಮುಕಿ. ಐದು ಎಣಿಸಿ, ಬಿಡಿ. ಹತ್ತು ಸಲ. ಉಸಿರು ಕಟ್ಟಬೇಡಿ.

ಎರಡನೆಯದು ಕಾಲೆತ್ತುವುದು. ಅಂಗಾತ ಮಲಗಿ, ಒಂದು ಮಂಡಿ ಮಡಚಿ ಪಾದ ಊರಿ. ಇನ್ನೊಂದು ಕಾಲನ್ನು ನೆಟ್ಟಗೆ ಬಿಗಿದು, ಮಡಚಿದ ಮಂಡಿಯ ಎತ್ತರಕ್ಕೆ ಎತ್ತಿ, ಐದು ಎಣಿಸಿ, ನಿಧಾನ ಇಳಿಸಿ. ಧೊಪ್ಪೆಂದು ಬಿಡಬೇಡಿ, ಇಳಿಸುವಾಗಲೇ ಅರ್ಧ ಕೆಲಸ ಆಗುವುದು. ಹತ್ತು ಸಲ. ನಡುನೋವು ಇದ್ದವರು ಕಡಿಮೆ ಎತ್ತರಕ್ಕೆ ಎತ್ತಿ.

ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ನೆಟ್ಟಗಿಟ್ಟು ಒಂದು ಅಡಿಯಷ್ಟು ಎತ್ತಿ. ಕಾಲು ಮುಂದಕ್ಕೆ ಬರಬಾರದು, ಸೊಂಟ ಹಿಂದಕ್ಕೆ ಉರುಳಬಾರದು. ಸೊಂಟದ ಪಕ್ಕದಲ್ಲಿ ಬಿಗಿ ಹಿಡಿದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ. ನಡೆಯುವಾಗ ಮಂಡಿ ಒಳಕ್ಕೆ ವಾಲದಂತೆ ಹಿಡಿಯುವುದು ಈ ಸ್ನಾಯು. ಚಿಪ್ಪಿನ ನೋವಿನವರಿಗೆ ಇದು ಬೇಕೇ ಬೇಕು.

ನಾಲ್ಕನೆಯದು ಕುರ್ಚಿಯಿಂದ ಏಳುವುದು. ಪರೀಕ್ಷೆಗೆ ಮಾಡಿದ್ದನ್ನೇ ನಿಧಾನವಾಗಿ ಹತ್ತು ಸಲ ಮಾಡಿ. ಕಷ್ಟವಾದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ವಾರ ಕಳೆದಂತೆ ದಿಂಬು ತೆಗೆಯಿರಿ. ಅಜ್ಜಿ ತಾತಂದಿರಿಗೆ ಒಂದೇ ವ್ಯಾಯಾಮ ಹೇಳಿಕೊಡಬೇಕೆಂದರೆ ನಾನು ಇದನ್ನೇ ಹೇಳಿಕೊಡುತ್ತೇನೆ. ಟಾಯ್ಲೆಟ್ಟಿಂದ ಏಳುವುದು, ಬಸ್ಸಿನ ಸೀಟಿನಿಂದ ಏಳುವುದು ಎಲ್ಲಕ್ಕೂ ಇದೇ ಬಲ ಬೇಕು.

ಎಷ್ಟು ನೋವಾದರೆ ನಿಲ್ಲಿಸಬೇಕು? ವ್ಯಾಯಾಮ ಮಾಡುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವಿದ್ದರೆ ಮುಂದುವರಿಸಬಹುದು. ಮರುದಿನ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ ಅಂದರೆ ಹತ್ತನ್ನು ಆರು ಮಾಡಿ, ಪೂರ್ತಿ ಬಿಡಬೇಡಿ. ವಾರಕ್ಕೆ ಮೂರು ನಾಲ್ಕು ದಿನವಾದರೂ ಮಾಡಬೇಕು. ಸ್ನಾಯುವಿಗೆ ಬಲ ಬರಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಮೂರನೇ ವಾರಕ್ಕೆ "ಏನೂ ಆಗ್ಲಿಲ್ಲ" ಎಂದು ಬಿಡುವವರೇ ಜಾಸ್ತಿ. ಮನೆಯಲ್ಲಿ ಇನ್ನೊಬ್ಬರು ಜೊತೆಗೆ ಮಾಡಿದರೆ ಹೀಗೆ ನಡುವೆ ಬಿಡುವುದು ತಪ್ಪುತ್ತದೆ.

ನಡಿಗೆ ಬಿಡಬೇಡಿ. ನಡೆದರೆ ಮಂಡಿ ಇನ್ನೂ ಸವೆಯುತ್ತದೆ ಎಂಬ ಭಯ ನಮ್ಮಲ್ಲಿ ತುಂಬಾ ಇದೆ. ಕೂತಲ್ಲೇ ಕೂತರೆ ತೊಡೆ ಬತ್ತುತ್ತದೆ, ಆಗ ಎಲ್ಲ ಭಾರವೂ ಕೀಲಿನ ಮೇಲೆ ಬೀಳುತ್ತದೆ. ಹತ್ತು ನಿಮಿಷ ನಡೆಯಲು ಆದರೆ ಹತ್ತೇ ನಿಮಿಷ, ದಿನಕ್ಕೆ ಎರಡು ಸಲ.

ಮನೆಯೊಳಗೆ ಬದಲಾಯಿಸಬೇಕಾದದ್ದು

ಕುಕ್ಕರುಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ತುಂಬಾ ಹೊತ್ತು ಕೂರುವುದು, ನೆಲದಲ್ಲಿ ಈಳಿಗೆ ಮಣೆ ಇಟ್ಟು ಹೆಚ್ಚುವುದು ನೋವು ಜೋರಿರುವಾಗ ಬೇಡ. ನೋವು ತಗ್ಗಿದ ಮೇಲೆ ಸ್ವಲ್ಪ ಸ್ವಲ್ಪ ಮತ್ತೆ ಶುರು ಮಾಡಬಹುದು. "ಜೀವಮಾನ ಪೂರ್ತಿ ನೆಲಕ್ಕೆ ಕೂರಬಾರದು" ಎಂದು ಎಲ್ಲರಿಗೂ ಹೇಳುವುದು ಅತಿಯಾಯಿತು. ಇಂಡಿಯನ್ ಟಾಯ್ಲೆಟ್ ಮಾತ್ರ ಇರುವ ಮನೆಯಲ್ಲಿ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಗೋಡೆಗೆ ಒಂದು ಹಿಡಿಕೆ ಹಾಕಿಸಿ.

ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ಹಿಡಿಯುವುದಾದರೆ ನೋವಿರುವ ಮಂಡಿಯ ಎದುರು ಕೈಯಲ್ಲಿ, ಅಂದರೆ ಬಲ ಮಂಡಿ ನೋವಿಗೆ ಎಡಗೈಯಲ್ಲಿ. ಇದನ್ನು ತಪ್ಪಾಗಿ ಹಿಡಿದು ನಡೆಯುವವರನ್ನು ಪಾರ್ಕಿನಲ್ಲಿ ದಿನವೂ ನೋಡಬಹುದು.

ತೂಕದ ಮಾತು ಯಾರಿಗೂ ಇಷ್ಟವಿಲ್ಲ, ಆದರೂ ಹೇಳಬೇಕು. ತೂಕ ಜಾಸ್ತಿ ಇದ್ದ, ಮಂಡಿ ಸವೆದ ಹಿರಿಯರ ಮೇಲೆ ಅಮೆರಿಕದಲ್ಲಿ ಮಾಡಿದ 2005ರ ಅಧ್ಯಯನವೊಂದರಲ್ಲಿ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು ಕಂಡುಬಂತು. ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಇಡುತ್ತೀರಿ, ನೀವೇ ಗುಣಿಸಿ ನೋಡಿ.

ನೋವು ಜೋರಿದ್ದ ದಿನ ಡೈಕ್ಲೊಫೆನಾಕ್ ಜೆಲ್ ಹಚ್ಚಬಹುದು. ನೋವಿನ ಮಾತ್ರೆಗಿಂತ ಮೊದಲು ಇದನ್ನು ನೋಡಿ ಎನ್ನುವುದು ಈಗಿನ ಸಲಹೆ. ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ಏಟು. ಲೇಬಲ್ ಇಲ್ಲದ "ಗಿಡಮೂಲಿಕೆ" ಪುಡಿ ತಿಂದು ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೆರಾಯ್ಡ್ ಬೆರೆಸಿರಬಹುದು, ದೂರ ಇಡಿ.

ಎಲ್ಲ ಮಾಡಿಯೂ ತಗ್ಗದಿದ್ದರೆ

ಆರು ಭೇಟಿ ಆಯಿತು, ಅಂಕಿ ಬದಲಾಗಿಲ್ಲ ಅಂದರೆ ಕೈಚಿಕಿತ್ಸೆ ನಿಲ್ಲಿಸಿ, ವ್ಯಾಯಾಮ ಮುಂದುವರಿಸಿ. ಮೂರು ತಿಂಗಳು ನಿಯತ್ತಾಗಿ ವ್ಯಾಯಾಮ ಮಾಡಿಯೂ ನಡೆಯುವುದು ಕಷ್ಟ, ರಾತ್ರಿ ನಿದ್ದೆ ಕೆಡುತ್ತಿದೆ ಅಂದರೆ ಮೂಳೆ ಡಾಕ್ಟರನ್ನು ನೋಡುವ ಸಮಯ. ಖಾಸಗಿಯಲ್ಲಿ ತೋರಿಸಲು ದುಡ್ಡಿಲ್ಲದವರು ಜಿಲ್ಲಾಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನ ಜಯನಗರದ ಕಡೆ ಇರುವ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಸರ್ಕಾರದ ಆಸರೆಯಲ್ಲಿ ಇದೇ ಕೆಲಸಕ್ಕಾಗಿ ಇರುವ ಆಸ್ಪತ್ರೆ.

ಅಲ್ಲಿ ಏನೇನು ಹೇಳಬಹುದು ಎಂದು ತಿಳಿದಿದ್ದರೆ ಒಳ್ಳೆಯದು. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರದ ಆರಾಮ ಕೊಡುತ್ತದೆ, ಮದುವೆಯಂಥ ಕಾರ್ಯ ಹತ್ತಿರ ಇದ್ದರೆ ಉಪಯೋಗ. ಜೆಲ್ ಇಂಜೆಕ್ಷನ್ ಎಂದು ಕೊಡುವ ಹಯಲ್ಯುರಾನ್ ಅನ್ನು ನೈಸ್ ಬೇಡ ಅಂದಿದೆ. ಸವೆದ ಮಂಡಿಯನ್ನು ದುರ್ಬೀನು ಹಾಕಿ ತೊಳೆಯುವ ಆಪರೇಷನ್ನನ್ನೂ ಬೇಡ ಅಂದಿದೆ. ಕೀಲು ಬದಲಾವಣೆ ದೊಡ್ಡ ಆಪರೇಷನ್, ಆದರೆ ಸವೆತ ಕೊನೆಯ ಹಂತ ಮುಟ್ಟಿದವರಿಗೆ ಅದು ನಿಜಕ್ಕೂ ಓಡಾಟ ವಾಪಸ್ ಕೊಡುತ್ತದೆ. ಅದನ್ನು ಮಾಡಿಸಿಕೊಳ್ಳುವವರಿಗೂ ಮುಂಚೆಯೇ ತೊಡೆ ಗಟ್ಟಿ ಇದ್ದರೆ ಆಮೇಲೆ ಏಳುವುದು, ನಡೆಯುವುದು ಸಲೀಸು. ಹಾಗಾಗಿ ಮಾಡಿದ ವ್ಯಾಯಾಮ ಯಾವುದೂ ವ್ಯರ್ಥವಾಗುವುದಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಆ ಅಂಕಿ ಬರೆದ ಹಾಳೆ, ಯಾರು ಯಾವ ಚಿಕಿತ್ಸೆ ಮಾಡಿದರು ಎಂಬ ರಸೀದಿಗಳು, ಮಾತ್ರೆಗಳ ಪಟ್ಟಿ ಮೂರನ್ನೂ ತೆಗೆದುಕೊಂಡು ಹೋಗಿ. ಕೈರೋಪ್ರ್ಯಾಕ್ಟರ್ ಬಳಿ ಹೋಗಿದ್ದನ್ನು ಬೈಯುತ್ತಾರೆ ಎಂದು ಮುಚ್ಚಿಡಬೇಡಿ.